ಫಾಶಿಯವನ ಹೆಂಡತಿಯ ಹಸಿರು ಬಳೆ

ನನ್ನ ತಮ್ಮನ ಮಗಳು ಹುಮನಾಬಾದಿನಲ್ಲಿ ಕಾಲೇಜು ಓದುತ್ತಿದ್ದಾಗ ಒಂದು ಚರ್ಚಾಸ್ಪರ್ಧೆಗೆ ಹೆಸರು ಕೊಟ್ಟಿದ್ದಳು. ಗಲ್ಲು ಶಿಕ್ಷೆ ರದ್ದಾಗಬೇಕೇ, ಬೇಡವೇ ಎಂಬುದು ವಿಷಯ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ರೇಡಿಯೋದಲ್ಲೂ ಅದೇ ಮಾತು, ಪೇಪರಿನಲ್ಲೂ ಅದೇ ಮಾತು. ನಾನು ಹಳ್ಳಿಯಿಂದ ನಾಲ್ಕು ದಿನ ಇದ್ದು ಹೋಗೋಣವೆಂದು ತವರಿಗೆ ಬಂದಿದ್ದೆ. ಹುಡುಗಿ ಮುಂಜಾನೆ ಕನ್ನಡಿಯ ಮುಂದೆ ನಿಂತು ರದ್ದಾಗಲೇಬೇಕು ಎಂದು ಮುಷ್ಟಿ ಬಿಗಿದು ಕೂಗುವಳು. ಮಧ್ಯಾಹ್ನ ಉಂಡು ಎದ್ದು ಅದೇ ಕನ್ನಡಿಯ ಮುಂದೆ, ಕೊಲೆಗಾರನಿಗೆ ಕರುಣೆ ಏಕೆ ಎಂದು ಹುಬ್ಬು ಗಂಟಿಕ್ಕುವಳು.

"ಏನವ್ವಾ, ಎರಡೂ ಕಡಿ ನೀನೇ ವಕೀಲ್ಕಿ ಮಾಡಾಕತ್ತಿದಿ?" ಅಂದೆ.

"ಚೀಟಿ ಎತ್ತಸ್ತಾರತ್ತಿ. ಯಾವ ಕಡಿ ಬರ್ತದೋ ಗೊತ್ತಿಲ್ಲ, ಅದಕ್ಕ ಎರಡೂ ಬಾಯಿಪಾಠ ಮಾಡಾಕತ್ತೀನಿ. ನೀನೇ ಹೇಳು, ಯಾವದು ಖರೇ? ಇಡೀ ಹುಮನಾಬಾದಿನಾಗ ಈ ಮಾತಿಗೆ ನಿನಗಿದ್ದಷ್ಟು ಹಕ್ಕು ಮತ್ಯಾರಿಗದ?"

ಹಕ್ಕು! ನನಗೆ ಮೊದಲು ನಗು ಬಂತು, ಅದರ ಬೆನ್ನಿಗೇ ಸಿಟ್ಟು ಬಂತು. ನನ್ನ ಗಂಡನನ್ನು ಕೊಡಲಿಯಿಂದ ಕಡಿದವನಿಗೆ ಬೀದರದ ಕೋರ್ಟು ಫಾಶಿ ಕೊಟ್ಟಿತ್ತು ಎಂಬುದು ನಮ್ಮ ಮನೆಯ ಕೂಸುಗಳಿಗೂ ಗೊತ್ತು. ಹುಡುಗಿಯ ಭಾಷಣದಲ್ಲಿ ಸಮಾಜ ಇತ್ತು, ನ್ಯಾಯ ಇತ್ತು, ಮಾನವೀಯತೆ ಇತ್ತು. ಹೊಟ್ಟೆಕಿಚ್ಚು ಮಾತ್ರ ಎಲ್ಲೂ ಇರಲಿಲ್ಲ. ಗಲ್ಲಿನ ಬಗ್ಗೆ ನನಗೆ ತಿಳಿದದ್ದೆಲ್ಲ ಹೊಟ್ಟೆಕಿಚ್ಚಿನಿಂದಲೇ ತಿಳಿದದ್ದು. ಚೀಟಿಯಲ್ಲಿ ಅವಳಿಗೆ ಗಲ್ಲು ಇರಬೇಕು ಎಂಬ ಕಡೆ ಬಂತು, ಚೆನ್ನಾಗಿ ಮಾತಾಡಿ ಸ್ಟೀಲಿನ ಬಟ್ಟಲು ಗೆದ್ದಳು. ನಾನು ಆ ದಿನ ಉತ್ತರ ಕೊಡಲಿಲ್ಲ. ಈಗ ಬರೆಯುತ್ತೇನೆ. ತವರಿನಲ್ಲಿ ನಾಲ್ಕನೇ ಇಯತ್ತೆಯ ತನಕ ಕಲಿತವಳು ನಾನು. ಅಕ್ಷರ ಸೊಟ್ಟಗಿದ್ದರೂ ಮಾತು ಸೊಟ್ಟಗಿಲ್ಲ.

ಮಂಠಾಳದ ಕಡೆಯ ಒಂದು ಹಳ್ಳಿಗೆ ನನ್ನನ್ನು ಕೊಟ್ಟಿದ್ದರು. ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೇ ನನ್ನ ಮದುವೆ. ಅದೇ ವರ್ಷ ಪಕ್ಕದ ಮನೆಗೂ ಒಬ್ಬ ಸೊಸೆ ಬಂದಳು. ಎರಡು ಮನೆಗಳ ನಡುವೆ ಒಂದೇ ಮಣ್ಣಿನ ಗೋಡೆ, ಎರಡು ಹೊಲಗಳ ನಡುವೆ ಒಂದೇ ಬಾವಿ. ನಮ್ಮ ಮಾವಂದಿರು ಕೂಡಿ ತೋಡಿಸಿದ ಬಾವಿ ಅದು. ನೀರಿಗೆ ಪಾಳಿ ಇತ್ತು. ಎರಡು ದಿನ ನಮಗೆ, ಎರಡು ದಿನ ಅವರಿಗೆ. ನಾವಿಬ್ಬರು ಸೊಸೆಯರು ಒಂದೇ ಬೀಸುಕಲ್ಲಿಗೆ ಎದುರುಬದುರು ಕೂತು ಬೀಸಿದೆವು. ಹುಮನಾಬಾದಿನ ಬಜಾರಿಗೆ ಹೋದಾಗ ಒಬ್ಬನೇ ಬಳೆಗಾರನ ಮುಂದೆ ಕೈ ಚಾಚಿದೆವು, ಇಬ್ಬರದೂ ಒಂದೇ ಅಳತೆ. ಆಕೆ ನನಗೆ ಅಕ್ಕಾ ಅನ್ನುತ್ತಿದ್ದಳು, ನಾನು ತಂಗಿ ಅನ್ನುತ್ತಿದ್ದೆ.

ಹೊಟ್ಟೆಕಿಚ್ಚು ಆಗಲೇ ಚಿಗುರಿತ್ತು, ಸುಳ್ಳೇಕೆ ಹೇಳಲಿ? ಆಕೆಯ ಗಂಡ ಮೆತ್ತಗಿನ ಮಾತಿನವನು. ಸಂತೆಗೆ ಹೋದರೆ ಹೆಂಡತಿಗೆ ಕಾಗದದಲ್ಲಿ ಸುತ್ತಿದ ಜಿಲೇಬಿ ತರುತ್ತಿದ್ದ. ನನ್ನ ಗಂಡ ಸಂತೆಯಿಂದ ಎತ್ತಿನ ಹಗ್ಗ ತಂದು, "ಜಗ್ಗಿ ನೋಡು, ಗಟ್ಟಿ ಅದನೋ ಇಲ್ಲೋ" ಎಂದು ನನ್ನ ಕೈಗೆ ಕೊಡುತ್ತಿದ್ದ. ಆಕೆಗೆ ಎರಡನೇ ವರ್ಷವೇ ಮಗಳು ಹುಟ್ಟಿದಳು. ನನ್ನ ಮಡಿಲು ಖಾಲಿ ಉಳಿಯಿತು. ಆದರೂ ನನ್ನ ಗಂಡ ನನ್ನ ಗಂಡನೇ. ಮುಂಗೋಪಿ, ಹಟಮಾರಿ, ಎಲ್ಲ ಹೌದು. ಆದರೆ ಬೇಸಿಗೆಯಲ್ಲಿ ನಾನು ದೂರದಿಂದ ನೀರು ಹೊರುವುದನ್ನು ನೋಡಲಾರದೆ ತಾನೇ ಕೊಡ ಹೆಗಲಿಗೇರಿಸಿಕೊಂಡು ಓಣಿಯಲ್ಲಿ ನಗೆಪಾಟಲಾದವನು ಅವನು.

ಮದುವೆಯಾಗಿ ನಾಲ್ಕೈದು ವರ್ಷಕ್ಕೆ ಒಂದು ಕೆಟ್ಟ ಬೇಸಿಗೆ ಬಂತು. ಬಾವಿಯ ತಳ ಕಂಡಿತು. ನಮ್ಮ ಮೆಣಸಿನ ಗಿಡ ಬಾಡುತ್ತಿತ್ತು, ಅವರ ಕಬ್ಬೂ ಬಾಡುತ್ತಿತ್ತು. ಅವರ ಪಾಳಿಯ ದಿನ ನನ್ನ ಗಂಡ ಬೆಳಕು ಹರಿಯುವ ಹೊತ್ತಿಗೇ ಎತ್ತು ಹೂಡಿ, ಚರ್ಮದ ಮೋಟದಿಂದ ನೀರೆತ್ತಿ ನಮ್ಮ ಕಾಲುವೆಗೆ ಬಿಟ್ಟ. ಆ ಮೆತ್ತಗಿನ ಮಾತಿನವನು ಬಂದು ನೋಡಿದ. ಬೈದಾಟ ನಡೆಯಿತಂತೆ. ನನ್ನ ಗಂಡ, ಏನು ಮಾಡಿಕೊಳ್ಳುತ್ತೀ ಮಾಡಿಕೋ ಎಂದು ಬೆನ್ನು ತಿರುಗಿಸಿ ಎತ್ತು ಹೊಡೆಯತೊಡಗಿದನಂತೆ. ಆ ಬೆನ್ನಿಗೇ ಕೊಡಲಿ ಬಿತ್ತು. ನಾನು ಬುತ್ತಿ ಹೊತ್ತು ಹೋದಾಗ ಕೊಂದವನು ಬಾವಿಯ ಕಟ್ಟೆಯ ಮೇಲೆ ತಲೆ ಹಿಡಿದುಕೊಂಡು ಕೂತಿದ್ದ, ಓಡಿಹೋಗಿರಲಿಲ್ಲ. ನಮ್ಮ ಕಾಲುವೆಯಲ್ಲಿ ನೀರು ಇನ್ನೂ ಹರಿಯುತ್ತಿತ್ತು.

ಮಣ್ಣು ಮಾಡಿ ಬಂದ ಮೇಲೆ ಓಣಿಯ ಮುದುಕಿಯರು ನನ್ನ ಹಸಿರು ಬಳೆಗಳನ್ನು ಕಲ್ಲಿಗೆ ತಾಗಿಸಿ ಒಡೆದರು, ಕುಂಕುಮ ಒರೆಸಿದರು. ಕಲ್ಯಾಣದ ಶರಣರ ನೆಲದವರು ನಾವು. ಹೆಣ್ಣು ಗಂಡು ಒಂದೇ ಎಂದು ಭಜನೆಯಲ್ಲಿ ತಾಳ ಹಾಕುತ್ತೇವೆ, ಬಳೆ ಒಡೆಯುವುದನ್ನು ಮಾತ್ರ ಬಿಟ್ಟಿಲ್ಲ.

ಜೋಳದ ರೊಟ್ಟಿ ಬಡಿಯುವಾಗ ಕೈಯ ಜೊತೆಗೆ ಬಳೆಯೂ ಸದ್ದು ಮಾಡುತ್ತದೆ. ಇದು ನನಗೆ ಬಳೆ ಹೋದ ಮೇಲೆ ಗೊತ್ತಾಯಿತು. ನನ್ನ ಕೈಯಿಂದ ಬರೀ ತಪ್ ತಪ್. ಗೋಡೆಯಾಚೆಯಿಂದ ತಪ್ ಜೊತೆಗೆ ಝಣ್. ದಿನಾ ಮುಂಜಾನೆ ಆ ಝಣ್ ಕೇಳಿದಾಗ ನನ್ನ ಹೊಟ್ಟೆಯೊಳಗೆ ಯಾರೋ ಹಸಿ ಮೆಣಸಿನಕಾಯಿ ಅರೆದಂತಾಗುತ್ತಿತ್ತು. ನನ್ನ ಗಂಡನನ್ನು ತಿಂದವನ ಹೆಂಡತಿಯ ಕೈಯಲ್ಲಿ ಬಳೆ, ನನ್ನ ಕೈ ಬೋಳು. ಇದಾವ ನ್ಯಾಯ?

ಬೀದರದಲ್ಲಿ ತೀರ್ಪಿನ ದಿನ ನಾನು ಕೋರ್ಟಿಗೆ ಹೋಗಿದ್ದೆ. ಫಾಶಿ ಎಂದು ಹೇಳಿದಾಗ ಆಕೆ ಅಲ್ಲೇ ಕುಸಿದಳು. ನಾನು ಆಕೆಯ ಮುಖ ನೋಡಲಿಲ್ಲ, ಕೈ ನೋಡಿದೆ. ಇನ್ನೆಷ್ಟು ದಿನ ಇವು, ಅಂದುಕೊಂಡೆ. ಮನೆಗೆ ಬಂದು ಹೊಟ್ಟೆತುಂಬ ಉಂಡೆ.

ಆದರೆ ಫಾಶಿ ಎಂದರೆ ಮರುದಿನವೇ ಆಗುವುದಲ್ಲವಂತೆ. ಬೆಂಗಳೂರಿನ ಹೈಕೋರ್ಟು ಹೂಂ ಅನ್ನಬೇಕಂತೆ, ಅಲ್ಲಿಯ ತನಕ ಗುಲ್ಬರ್ಗಾದ ಜೇಲಿನಲ್ಲಿ ಇಡುತ್ತಾರಂತೆ. ಅಲ್ಲಿಯ ತನಕ ಗೋಡೆಯಾಚೆ ಝಣ್ ಝಣ್. ಅದೂ ಸಾಲದೆಂಬಂತೆ ಓಣಿಯ ಹೆಂಗಸರು ಒಂದು ಹೊಸ ಪದ್ಧತಿ ಹಚ್ಚಿದರು. ಆಕೆಯ ಮುತ್ತೈದೆತನ ಉಳಿಯಲಿ ಎಂದು ಪ್ರತಿ ಶುಕ್ರವಾರ ಒಂದೊಂದು ಮನೆಯವರು ಆಕೆಯ ಉಡಿ ತುಂಬತೊಡಗಿದರು. ಅಕ್ಕಿ, ಕೊಬ್ಬರಿ, ಅರಿಶಿನದ ಕೊನೆ, ಜೊತೆಗೆ ಎರಡು ಹೊಸ ಬಳೆ. ನನ್ನ ಬಳೆ ಒಡೆದ ಮುದುಕಿಯರೇ ಆಕೆಗೆ ಬಳೆ ಇಡುತ್ತಿದ್ದರು. ನನ್ನ ಮನೆಗೆ ಬಂದರೆ ಬಾಗಿಲಲ್ಲೇ ನಿಂತು ಲೊಚಗುಟ್ಟಿ ಹೋಗುವವರು, ಆಕೆಯ ಮನೆಯಲ್ಲಿ ತಾಸುಗಟ್ಟಲೆ ಕೂತು ಕಣ್ಣೀರು ಹಾಕುತ್ತಿದ್ದರು. ಸತ್ತವನ ಹೆಂಡತಿಗಿಂತ ಸಾಯಲಿರುವವನ ಹೆಂಡತಿ ದೊಡ್ಡವಳಾದಳು. ಊರಿಗೆ ಊರೇ ಹುಚ್ಚು ಹಿಡಿದಿತ್ತು.

ಒಮ್ಮೆ ನಾನು ತವರಿಗೆ ಹೊರಟಿದ್ದೆ. ಬಸವಕಲ್ಯಾಣದಲ್ಲಿ ಹುಮನಾಬಾದಿನ ಬಸ್ಸು ಹತ್ತಿದರೆ ಮುಂದಿನ ಸೀಟಿನಲ್ಲಿ ಆಕೆ! ಮಡಿಲಲ್ಲಿ ಗಂಟು, ಗಂಟಿನಿಂದ ಶೇಂಗಾ ಚಟ್ನಿಯ ವಾಸನೆ. ಹುಮನಾಬಾದಿಗೆ ಬಂದು ಅಲ್ಲಿಂದ ಗುಲ್ಬರ್ಗಾದ ಬಸ್ಸು ಹಿಡಿಯುವವಳು. ನಾವು ಒಬ್ಬರನ್ನೊಬ್ಬರು ನೋಡಲಿಲ್ಲ. ಆಕೆ ಪಕ್ಕದಲ್ಲಿದ್ದ ಮುದುಕಿಗೆ ಹೇಳುತ್ತಿದ್ದದ್ದು ಮಾತ್ರ ಕಿವಿಗೆ ಬಿತ್ತು. "ಹೋದ ಸಲ ಜೇಲಿನಾಗ ಜಾಳಿಗಿ ಆಚಿಂದ ಒಂದೇ ಮಾತು ಕೇಳಿದ್ರು ನೋಡ್ರಿ. ಎಮ್ಮಿ ಈದದೇನು ಅಂತ. ಅಷ್ಟೇ."

ಎಮ್ಮಿ ಈದದೇನು. ಅಷ್ಟೇ ಮಾತು. ಆ ಒಂದು ಮಾತಿಗೆ ನಾನು ಹುಮನಾಬಾದ ಬರುವತನಕ ಸೀಟಿನಲ್ಲಿ ಸುಟ್ಟುಕೊಂಡು ಕೂತೆ. ನನ್ನ ಗಂಡ ಜಾಳಿಗೆಯ ಆಚೆ ನಿಂತಾದರೂ, ಬೈದಾದರೂ, ಹಗ್ಗ ಗಟ್ಟಿ ಇದೆಯೋ ಇಲ್ಲವೋ ಎಂದಾದರೂ ಒಂದು ಮಾತು ಕೇಳಿದ್ದರೆ ನಾನು ಗುಲ್ಬರ್ಗಾದ ತನಕ ನಡೆದುಕೊಂಡು ಹೋಗುತ್ತಿದ್ದೆ. ಇವನಿಗೆ ಬೇಗ ಹಗ್ಗ ಬೀಳಲಿ ಶಿವನೇ ಎಂದು ಬೇಡಿಕೊಂಡೆ. ಈ ಮಾತು ನಿಲ್ಲಲಿ.

ಆ ವೇಳೆಗೇ ಊರ ಹಿರಿಯರು ಕೂಡಿ ನಮ್ಮ ಮನೆಗೆ ಬಂದರು. ಅವರ ಮುಂದಾಳು ಒಬ್ಬ ಸಾಬರ ಮುದುಕ, ಎಲ್ಲರೂ ಚಾಚಾ ಅನ್ನುತ್ತಿದ್ದೆವು. ನಿಜಾಮನ ಕಾಲದಲ್ಲಿ ಬಸವಕಲ್ಯಾಣದ ಕಚೇರಿಯಲ್ಲಿ ಜವಾನನಾಗಿದ್ದವನು. ಕಾಯಿದೆಯ ಮಾತು ಬಂದರೆ ನಮ್ಮ ಊರಿಗೆ ಅವನೇ ಹೈಕೋರ್ಟು.

"ದೇಖ್ ಬೇಟಿ," ಅಂದ ಚಾಚಾ, "ಖೂನಿನ ಹಕ್ಕು ವಾರಸುದಾರಂದು. ಕಚೇರಿ ಬಾಗಲ್ದಾಗ ನಿಂತು ನಾ ಎಷ್ಟು ಕೇಳೀನಿ. ಸತ್ತಾವನ ಹೇಣ್ತಿ ಮಾಫ್ ಅಂದ್ರ ಮಾಫ್, ನಕೋ ಅಂದ್ರ ನಕೋ. ಸರ್ಕಾರ ನಡುವ ಬರಂಗಿಲ್ಲ. ಅವನ ಜೀವ ಈಗ ನಿನ್ನ ಕೈಯಾಗ ಅದ."

ಯಾರೂ ಅನುಮಾನಪಡಲಿಲ್ಲ. ನಾನೂ ಪಡಲಿಲ್ಲ. ಸರ್ಕಾರ ಬದಲಾಗಿತ್ತು, ಹೈದರಾಬಾದು ಹೋಗಿ ಬೆಂಗಳೂರು ಬಂದಿತ್ತು, ಆದರೆ ನಮ್ಮ ತಲೆಯೊಳಗಿನ ಕಚೇರಿ ಇನ್ನೂ ನಿಜಾಮನದೇ ಆಗಿತ್ತು. ಅವನ ಜೀವ ನನ್ನ ಕೈಯಲ್ಲಿ! ಬಳೆ ಹೋದ ಮೇಲೆ ಮೊದಲ ಸಲ ಆ ಕೈಗೆ ಒಂದು ತೂಕ ಬಂದಂತಾಯಿತು.

"ಮೊದ್ಲ ನನ್ನ ಗಂಡನ್ನ ಎಬ್ಬಿಸಿ ತರ್ರಿ," ಅಂದೆ. "ಆಮ್ಯಾಲ ಮಾಫಿ ಮಾತು."

"ಹೋದಾಂವ ಹೋದವ್ವಾ," ಅಂದರು ಒಬ್ಬ ಹಿರಿಯರು. "ಇದ್ದಾಂವನ್ನೂ ಯಾಕ ಕಳಸ್ತಿ?"

"ನಾ ಕಳಸಾಕತ್ತಿಲ್ರಿ, ಸರ್ಕಾರ ಕಳಸಾಕತ್ತದ. ಹೋಗ್ಲಿ ಬಿಡ್ರಿ, ಹಾದಿ ಹ್ಯಾಂಗದ ಅಂತ ಅವನೂ ನೋಡ್ಲಿ."

ಚಹಾ ಕುಡಿದು ಎದ್ದುಹೋದರು. ಅವರು ಮತ್ತೆ ಬಂದಾಗಲೂ ನಾನು ಅದೇ ಉತ್ತರ ಕೊಟ್ಟೆ. ಬರಲಿ, ಬೇಡಲಿ, ನನಗೇನು? ಈಗ ನನ್ನ ಮನೆಗೂ ಜನ ಬರುತ್ತಿದ್ದರು. ನನ್ನ ಅತ್ತೆ ಮೂಲೆಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದಳು. 'ಮಗ ಹೋದ' ಎಂದು ಅತ್ತು ಅತ್ತು ಆಕೆಯ ಕಣ್ಣು ಒಣಗಿದ್ದವು. ಒಂದು ದಿನ ಹಿರಿಯರು ಎದ್ದುಹೋದ ಮೇಲೆ ಅಂದಳು, "ನನ್ನ ಮುಂದ ನಾಟಕ ಬ್ಯಾಡ. ನಿನಗ ಅವ ಸಾಯೋದು ಬೇಕಾಗಿಲ್ಲ, ಆಕೀ ಬಳಿ ಒಡೀಬೇಕಾಗ್ಯದ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಕೈಯಲ್ಲಿದ್ದ ಚೆಂಬನ್ನು ಕುಕ್ಕಿ ಹಿತ್ತಲಿಗೆ ಹೋದೆ. ಅಲ್ಲೂ ಗೋಡೆ, ಗೋಡೆಯಾಚೆ ಝಣ್.

ಅತ್ತೆಯ ಮಾತು ಗೋಡೆ ದಾಟಿರಬೇಕು. ಮರುದಿನ ಮಧ್ಯಾಹ್ನ ಆಕೆ ನಮ್ಮ ಹೊಸ್ತಿಲಲ್ಲಿ ಬಂದು ನಿಂತಳು. ಕೊಲೆಯಾದ ಮೇಲೆ ಆಕೆ ನಮ್ಮ ಮನೆಗೆ ಬಂದದ್ದು ಅದೇ ಮೊದಲು. ಅಳಲಿಲ್ಲ, ಕಾಲಿಗೆ ಬೀಳಲಿಲ್ಲ. ಬಿದ್ದಿದ್ದರೆ ನನಗೆ ಸುಲಭವಿತ್ತು, ಒದ್ದು ಕಳಿಸುತ್ತಿದ್ದೆ.

"ಅಕ್ಕಾ, ನಾ ಬೇಡ್ಕೊಳ್ಳಾಕ ಬಂದಿಲ್ಲ," ಅಂದಳು.

"ಮತ್ಯಾಕ ಬಂದಿ?"

"ಕೊಟ್ಟು ತಗೊಳ್ಳಾಕ ಬಂದೀನಿ." ಎರಡೂ ಕೈ ಮುಂದೆ ಚಾಚಿದಳು. "ನಿನಗ ಬೇಕಾದದ್ದು ಇವೇ ಹೌದಿಲ್ಲೋ? ಇವನ್ನ ತಗೋ. ನೀ ಹ್ಯಾಂಗ ಇದ್ದಿಯೋ ನಾನೂ ಹಂಗೇ ಇರ್ತೀನಿ. ಕೈ ಖಾಲಿ, ಹಣಿ ಖಾಲಿ. ಅವರು ಜೇಲಿನಾಗರ ಇರ್ಲಿ, ಎಲ್ಲರ ಇರ್ಲಿ, ಉಸಿರಾಡ್ಕೋತ ಇದ್ರ ಸಾಕು. ನೀ ನಿನ್ನ ಬಾಯಿಲೆ ಇಟ್ಕೋ ಅನ್ನೋತನಕ ನಾ ಬಳಿ ಇಟ್ಕೊಳ್ಳಂಗಿಲ್ಲ."

ಮೂಲೆಯಿಂದ ಅತ್ತೆ ಅಂದಳು, "ಬ್ಯಾಡವ್ವಾ, ಗಂಡ ಬದುಕಿರಾಕಿ ಹಂಗ ಮಾಡಬಾರ್ದು."

ನಾನು ಒಂದೇ ಮಾತು ಅಂದೆ. "ಒಡಿ."

ಆಕೆ ನಮ್ಮ ಹೊಸ್ತಿಲಿಗೆ ಮುಂಗೈ ಬಡಿದಳು. ಉಡಿ ತುಂಬಿದವರು ಇಟ್ಟ ಬಳೆ, ಗಂಡ ಇಡಿಸಿದ ಬಳೆ, ಎಲ್ಲ ಒಡೆದವು. ಸೆರಗಿನಿಂದ ಹಣೆ ಒರೆಸಿಕೊಂಡು ಹೋದಳು. ಚೂರುಗಳನ್ನು ನಾನೇ ಗುಡಿಸಿದೆ. ಕೈಗೆ ಒಂದು ಚುಚ್ಚಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಮಾತು ತಪ್ಪುವವಳಲ್ಲ. ಮರುದಿನವೇ ಚಾಚಾನನ್ನು ಕರೆದುಕೊಂಡು ಬಸವಕಲ್ಯಾಣಕ್ಕೆ ಹೋದೆ. ಕಿಲ್ಲೆಯ ಕಡೆಯ ಓಣಿಯಲ್ಲಿ ವಕೀಲರ ಮನೆ, ಅವನ ಪರವಾಗಿ ಕೇಸು ನಡೆಸುತ್ತಿದ್ದವರು. ನಾನು ನಿಂತುಕೊಂಡೇ ಹೇಳಿದೆ, "ನಾ ಮಾಫಿ ಕೊಡಾಕ ಬಂದೀನ್ರಿ. ಎಲ್ಲಿ ಸಹಿ ಮಾಡ್ಬೇಕು ಹೇಳ್ರಿ. ನಂಗ ಸಹಿ ಬರ್ತದ, ಹೆಬ್ಬೆಟ್ಟಲ್ಲ."

ವಕೀಲರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಚಾಚಾನನ್ನು ನೋಡಿದರು. "ಮಾಫಿ ನಿನ್ನ ಕೈಯಾಗ ಅದ ಅಂತ ಯಾರ್ ಹೇಳಿದ್ರವ್ವಾ?"

ಚಾಚಾ ಗಂಟಲು ಸರಿಪಡಿಸಿಕೊಂಡ.

"ಅದೆಲ್ಲ ಹಿಂದಿನ ಕಾಲದ ಮಾತು. ಈಗ ಖೂನಿ ಮಾಡಿದ್ರ ಅದು ಸರ್ಕಾರದ ಕೇಸು. ನೀ ಬ್ಯಾಡಂದ್ರೂ ನಡೀತದ, ಬೇಕಂದ್ರೂ ನಡೀತದ," ಅಂದರು ವಕೀಲರು. "ಮತ್ತ ನಿನ್ನೆ ಬೆಂಗಳೂರಿಂದ ತಂತಿ ಬಂದದ. ಫಾಶಿ ತಗದು ಉಮರ್‌ಕೈದ ಮಾಡ್ಯಾರ. ಜೀವ ಇರೋತನಕ ಜೇಲು. ಸಿಟ್ಟಿನ ಭರದಾಗ ಆಗಿದ್ದು ಅಂತ ಹೇಳ್ಯಾರ. ಇವತ್ತ ಊರಿಗಿ ಯಾರನ್ನರ ಕಳಸ್ಬೇಕಂತಿದ್ದೆ."

"ಮತ್ತ ನನ್ನ ಕೈಯಾಗ ಏನಿತ್ರಿ?"

"ಏನೂ ಇರಲಿಲ್ಲವ್ವಾ," ಅಂದರು. ಪಾಪ, ಮೆತ್ತಗೇ ಅಂದರು.

ಏನೂ ಇರಲಿಲ್ಲ. ಇಷ್ಟು ದಿನ ನಾನು ಇಲ್ಲದ ಹಗ್ಗ ಹಿಡಿದುಕೊಂಡು ಕೂತಿದ್ದೆ. ಆಕೆ ಹೊಸ್ತಿಲಿಗೆ ಕೈ ಬಡಿಯುವ ಹೊತ್ತಿಗೆ ಅವನ ಕುಣಿಕೆ ಬಿಚ್ಚಿ ಆಗಿತ್ತು. ಸಾಯಿಸುವುದೂ ನನ್ನದಲ್ಲ, ಉಳಿಸುವುದೂ ನನ್ನದಲ್ಲ. ಗಂಡ ಸತ್ತದ್ದು ಮಾತ್ರ ನನ್ನದು. ಬಸ್ಸಿನಲ್ಲಿ ಚಾಚಾ, "ಜಮಾನಾ ಬದಲಾಗ್ಯದ ಬೇಟಿ," ಅಂದ. "ಬಾಯಿ ಮುಚ್ಚು ಚಾಚಾ," ಅಂದೆ. 

ಊರಲ್ಲಿ ಕಥೆಯೇ ಬೇರೆಯಾಯಿತು. ನಾನು ಕಲ್ಯಾಣಕ್ಕೆ ಹೋದೆ, ಫಾಶಿ ತಪ್ಪಿತು. ಎರಡನ್ನೂ ಕೂಡಿಸಿ ಜನ ನನ್ನನ್ನು ದೇವತೆ ಮಾಡಲು ಹೊರಟರು. "ನಾ ಏನೂ ಮಾಡಿಲ್ಲ! ಬೆಂಗಳೂರಿನವರು ಮೊದಲೇ ಬಿಟ್ಟಿದ್ರು!" ಎಂದು ನಡು ಓಣಿಯಲ್ಲಿ ನಿಂತು ಚೀರಿದೆ. ಸುಳ್ಳು ಹೊಗಳಿಕೆ ನನಗೆ ಬೇಡ. ಹಾಗಾದರೆ, ಅಂದರು ಮುದುಕಿಯರು ಆಕೆಗೆ, ನೀನು ಕೊಟ್ಟದ್ದಕ್ಕೆ ಪ್ರತಿಯಾಗಿ ಏನೂ ಬಂದಿಲ್ಲವಲ್ಲ, ಬಳೆ ಇಟ್ಟುಕೋ.

ಆಕೆ ತನ್ನ ಬಾಗಿಲಲ್ಲಿ ನಿಂತಿದ್ದಳು. "ನಾ ಕೋರ್ಟಿಗಿ ಮಾತು ಕೊಟ್ಟಿಲ್ಲ. ಅಕ್ಕಗ ಕೊಟ್ಟೀನಿ. ಅವರು ಉಳದಾರ, ನನಗಷ್ಟು ಸಾಕು," ಅಂದು ಒಳಗೆ ಹೋದಳು.

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಇಟ್ಟುಕೋ ಅನ್ನಲಿಲ್ಲ. ಅನ್ನಬೇಕಿತ್ತು ಎನ್ನುವವರು ಮೊದಲು ತಮ್ಮ ಕೈ ಬೋಳು ಮಾಡಿಕೊಂಡು ಬಂದು ನನ್ನ ಮುಂದೆ ಕೂರಲಿ.

ಮರುದಿನ ಮುಂಜಾನೆ ಗೋಡೆಯಾಚೆ ಬರೀ ತಪ್ ತಪ್. ನಾನು ಬೇಡಿಕೊಂಡದ್ದು ಸಿಕ್ಕಿತ್ತು. ಒಂದು ವಾರ ಸುಖವಾಗಿತ್ತು, ಖರೇ ಹೇಳುತ್ತೇನೆ, ಒಂದೇ ವಾರ. ಆಮೇಲೆ ಹೊಟ್ಟೆಕಿಚ್ಚು ಮಗ್ಗುಲು ಬದಲಿಸಿತು. ನನ್ನ ಬಳೆ ಊರವರು ಕಿತ್ತುಕೊಂಡದ್ದು, ಆಕೆಯದು ತಾನೇ ಕೊಟ್ಟದ್ದು. ಕಳೆದುಕೊಂಡವಳಿಗೆ ಊರು ಅಯ್ಯೋ ಅನ್ನುತ್ತದೆ, ಕೊಟ್ಟವಳಿಗೆ ಕೈ ಮುಗಿಯುತ್ತದೆ. ಹೊಸದಾಗಿ ಮದುವೆಯಾದ ಹುಡುಗಿಯರನ್ನು ಅತ್ತೆಯರು ಕರೆತಂದು ಆಕೆಗೆ ನಮಸ್ಕಾರ ಮಾಡಿಸುತ್ತಿದ್ದರು, ನೋಡು, ಮಾತು ಅಂದ್ರ ಹಿಂಗಿರ್ಬೇಕು ಎಂದು. ಆಕೆಯ ಗುಣಗಾನ ಕೇಳಿ ಕೇಳಿ ನನ್ನ ಕಿವಿ ಕೆಟ್ಟುಹೋದವು. ನಾನೂ ಅದೇ ಓಣಿಯಲ್ಲಿ ಅದೇ ಬೋಳು ಕೈಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ನನ್ನ ರೊಟ್ಟಿಗೆ ಯಾರೂ ಕೈ ಮುಗಿಯಲಿಲ್ಲ.

ಆಕೆಯ ಮಗಳನ್ನು ಹುಲಸೂರಿನ ಕಡೆ ಕೊಟ್ಟರು. ಮದುವೆಯಲ್ಲಿ ತಾಯಿ ಬಳೆಯಿಲ್ಲದವಳೆಂದು ಮದುಮಗಳಿಗೆ ಮೀಯಿಸುವ ಸುರಗಿಯ ನೀರು ಹಾಕಲಿಲ್ಲ, ಅರಿಶಿನ ಹಚ್ಚಲಿಲ್ಲ. ಎಲ್ಲವನ್ನೂ ಹುಡುಗಿಯ ಸೋದರತ್ತೆ ಮಾಡಿದಳು. ಆಕೆ ಕಂಬದ ಮರೆಯಲ್ಲಿ ನಿಂತು ನೋಡಿದಳು. ನಾನು ಇತ್ತ ಕಂಬದ ಮರೆಯಲ್ಲಿದ್ದೆ. ಹಂದರದ ಕೆಳಗೆ ನಾವಿಬ್ಬರೇ ಹಾಗೆ ನಿಂತವರು. ಆಗ ಇಟ್ಕೋ ಎಂಬ ಒಂದು ಮಾತು ನನ್ನ ಬಾಯಿಗೆ ಬಂದಿತ್ತು, ಅಷ್ಟರಲ್ಲಿ ಯಾರೋ ಮುದುಕಿ "ಎಂಥಾ ಸಾಧ್ವಿ ನೋಡು" ಎಂದು ನನ್ನ ಕಿವಿಯಲ್ಲೇ ಉಸುರಿದಳು. ಮಾತು ಒಳಗೇ ಹೋಯಿತು.

ಎಪ್ಪತ್ತರ ದಶಕದ ನಡುವೆ ಸರ್ಕಾರ ಉಳಿದ ಶಿಕ್ಷೆ ಬಿಟ್ಟದ್ದರಿಂದ, ವನವಾಸ ಮುಗಿಸಿದವನಂತೆ, ಅವನು ಜೇಲಿನಿಂದ ಬಿಡುಗಡೆಯಾಗಿ ಬಂದ. ಆ ಹೊತ್ತಿಗೆ ನನ್ನ ಅತ್ತೆ ತೀರಿಹೋಗಿದ್ದಳು, ಬಾವಿಗೆ ಕರೆಂಟಿನ ಪಂಪು ಬಂದಿತ್ತು. ನಾನು ಬಾಗಿಲು ಹಾಕಿಕೊಂಡು ಒಳಗಿದ್ದೆ. ಅವನ ಕೆಮ್ಮು ಓಣಿಯುದ್ದಕ್ಕೂ ಬಂದು ಗೋಡೆಯಾಚೆ ನಿಂತಿತು.

ಸಂಜೆ ಆಕೆ ಉಣ್ಣಲು ಬಡಿಸುತ್ತಿದ್ದಳು. ಮಣ್ಣಿನ ಗೋಡೆ, ಕಿವಿ ಮುಚ್ಚಿಕೊಂಡರೂ ಕೇಳುತ್ತದೆ. ನಾನು ಮುಚ್ಚಿಕೊಳ್ಳಲಿಲ್ಲ.

"ಜಾಳಿಗ್ಯಾಗ ಹಣಿ ಕೈ ಮುಚ್ಚಿ ಸೆರಗು ಹೊದ್ಕೊಂಡೇ ನಿಂದರ್ತಿದ್ದಿ," ಅಂದ ಅವನು. "ಕೈಯಾಗ ಬಳಿ ಯಾಕಿಲ್ಲ?"

"ಹೆಚ್ಚ್ಯಾವ್ರಿ," ಅಂದಳು. ಮುತ್ತೈದೆಯ ಬಳೆ ಒಡೆಯಿತು ಎಂದು ನಮ್ಮ ಕಡೆ ಅನ್ನುವುದಿಲ್ಲ, ಹೆಚ್ಚಿತು ಅನ್ನುತ್ತೇವೆ.

"ಮತ್ತ ಇಡಿಸ್ಕೊಳ್ಳಿಲ್ಲ?"

"ನೀವಿಲ್ಲದಾಗ ಯಾತಕಂತ ಬಿಟ್ಟೆ."

"ನಾ ಬಂದೀನಲ್ಲ. ನಾಳಿಗಿ ಇಡಿಸ್ಕೋ."

ತಾಟಿಗೆ ಇನ್ನೊಂದು ರೊಟ್ಟಿ ಹಾಕಿದ ಸದ್ದು ಬಂತು. ಆಮೇಲೆ ಆಕೆ ಅಂದಳು, "ಇಡಿಸ್ಕೊಂಡ್ರಾತು ತಗೋರಿ, ಅವಸರೇನದ? ಉಣ್ರಿ."

ನನ್ನ ಹೆಸರು ಹೇಳಲಿಲ್ಲ! ಪಕ್ಕದ ಮನೆಯವಳು ಒಡಿ ಅಂದಳು, ಅವಳು ಬಾಯಿ ತೆರೆಯುವತನಕ ನಾನು ಇಟ್ಟುಕೊಳ್ಳುವ ಹಾಗಿಲ್ಲ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಿದ್ದರೆ ನನಗೆ ಜಗಳ ತೆಗೆಯಲು ಒಂದು ದಾರಿ ಸಿಗುತ್ತಿತ್ತು. ಅದನ್ನೂ ಕೊಡಲಿಲ್ಲ ಪುಣ್ಯಾತ್ಗಿತ್ತಿ. ಗಂಡ ಮನೆಗೆ ಬಂದು ಎದುರಿಗೆ ಕೂತು ಉಣ್ಣುವಾಗಲೂ ಕೈ ಬೋಳು ಇಟ್ಟುಕೊಂಡು ನನ್ನನ್ನು ಕಾಯುತ್ತಾಳೆ. ಇನ್ನು ಎಲ್ಲಿಯ ತನಕ ನಾನು ಇವಳ ಕೆಳಗೆ ಇರಬೇಕು? ಸಾಕಾಗಿ ಹೋಯಿತು.

ಮರುದಿನ ಮೊದಲ ಬಸ್ಸಿಗೆ ಹುಮನಾಬಾದಿಗೆ ಹೋದೆ. ತವರಿನ ಕಡೆ ತಿರುಗಿಯೂ ನೋಡದೆ ಬಜಾರಿಗೆ ಹೋದೆ. ಹಳೆಯ ಬಳೆಗಾರನ ಮಗ ಅಂಗಡಿಯಲ್ಲಿ ಕೂತಿದ್ದ.

"ಹಸಿರು ಬಳಿ ಕೊಡು."

"ಯಾರಿಗ್ರಿ ಅವ್ವಾ? ಅಳತಿ ಎಷ್ಟು?"

ನಾನು ನನ್ನ ಕೈ ಚಾಚಿದೆ. "ಇದೇ ಅಳತಿ."

ಅವನು ನನ್ನ ಬರಿದಾದ ಹಣೆ ನೋಡಿದ, ಕೈ ನೋಡಿದ, ಹಿಂದೆಮುಂದೆ ನೋಡಿದ. ಆಮೇಲೆ ಏನೂ ಕೇಳದೆ ನನ್ನ ಬೆರಳುಗಳನ್ನು ಕೂಡಿಸಿ ಹಿಡಿದು ಒಂದು ಬಳೆ ಗೆಣ್ಣಿನ ತನಕ ಏರಿಸಿ ನೋಡಿದ. ಗಂಡ ಹೋದ ಮೇಲೆ ಆ ಕೈಯನ್ನು ಯಾರೂ ಹಾಗೆ ಹಿಡಿದಿರಲಿಲ್ಲ. ಒಳಗೆ ಜಾರಿಸಿಬಿಡಲೇ ಅನ್ನಿಸಿತು. ಒಂದೇ ಒಂದನ್ನು, ಒಂದೇ ಗಳಿಗೆ. ಅವನು ಬಳೆಯನ್ನು ಹಿಂದೆಳೆದು ಕಾಗದದಲ್ಲಿ ಸುತ್ತಿದ. ಉಳಿದವುಗಳನ್ನೂ ಸುತ್ತಿದ. ಬಸ್ಸಿನಲ್ಲಿ ಆ ಗಂಟನ್ನು ಮಡಿಲಲ್ಲಿಟ್ಟುಕೊಂಡು, ಇವು ನನ್ನವಾಗಬೇಕಿತ್ತು ಎಂದು ಉದ್ದಕ್ಕೂ ಕುದಿದೆ.

ಆಕೆಯ ಅಂಗಳಕ್ಕೆ ಕಾಲಿಟ್ಟಾಗ ಅವನು ಹುರಿ ಮಂಚದ ಮೇಲೆ ಕೂತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಧಡಕ್ಕನೆ ಎದ್ದ, ಕೈ ಜೋಡಿಸಿದ. ಆ ಕೈಗಳನ್ನು ನೋಡಿದೆ. ಈಗಲೂ ಅವನ್ನು ಕಡಿಯಬೇಕು ಅನ್ನಿಸಿತು.

"ಕುಂದ್ರು. ನಿನ್ನ ಸಲುವಾಗಿ ಬಂದಿಲ್ಲ," ಅಂದೆ.

ಓಣಿಯ ಹೆಂಗಸರು ಬಾಗಿಲಿಗೆ ಕೂಡಿದರು. ನಾನು ಕಾಗದ ಬಿಚ್ಚಿದ್ದು ಕಂಡು ಒಬ್ಬ ಮುದುಕಿ ಹೌಹಾರಿದಳು. "ಅಯ್ಯ ಶಿವನೇ, ನೀ ಇಡಬಾರ್ದವ್ವಾ! ನಿನ್ನ ಕೈಲೆ ಕೂಡಂಗಿಲ್ಲ. ಮುತ್ತೈದೇರು ಇಡ್ತೀವಿ ಕೊಡು."

"ಆಕೀನೇ ಇಡಬೇಕು," ಅಂದಳು ಆಕೆ. ಬಂದು ನನ್ನ ಎದುರಿಗೆ ನೆಲದ ಮೇಲೆ ಕೂತಳು, ಬೀಸುಕಲ್ಲಿಗೆ ಕೂರುತ್ತಿದ್ದ ಹಾಗೆ.

"ಇಟ್ಕೋ, ತಂಗಿ," ಅಂದೆ. ಅಷ್ಟು ವರ್ಷ ಬಾಯಿಗೆ ಬರದ ಮಾತು ಅಂದು ಬಂತು.

ಆಕೆಯ ಕೈ ಒರಟಾಗಿತ್ತು, ಗೆಣ್ಣು ದಪ್ಪಗಾಗಿದ್ದವು. ಎಣ್ಣೆ ಸವರಿ ಒಂದೊಂದಾಗಿ ಏರಿಸಿದೆ. ಒಂದೊಂದು ಬಳೆ ಮುಂಗೈಗೆ ಇಳಿದಾಗಲೂ ನನ್ನ ಹೊಟ್ಟೆಯಲ್ಲಿ ಕಿಚ್ಚು ಎದ್ದಿತು. ಒಂದು ಬಳೆ ನನ್ನ ಕೈಯಲ್ಲೇ ಚಟ್ಟೆಂದಿತು. "ಹೆಚ್ಚ್ಯಾತು," ಅಂದಿತು ನನ್ನ ಬಾಯಿ, ರೂಢಿಯಿಂದ. ಆಕೆ ಅಳತೊಡಗಿದಳು. ಅವನು ಮಂಚದ ಮೇಲೆ ಮುಖ ಮುಚ್ಚಿಕೊಂಡ. ಅವನಿಗೆ ನಾನು ಮಾಫಿ ಕೊಟ್ಟಿಲ್ಲ, ಇವತ್ತಿಗೂ ಕೊಟ್ಟಿಲ್ಲ. ಆದರೆ ಕೇಳು ಮಗಳೇ, ನನ್ನ ತಮ್ಮನ ಮಗಳೇ, ನೀನು ಕೇಳಿದ್ದಕ್ಕೆ ಇದೇ ಉತ್ತರ: ಆ ಗುಲ್ಬರ್ಗಾದ ಕೋಣೆಯಲ್ಲಿ ಹಗ್ಗ ಬಿದ್ದಿದ್ದರೆ ಈ ಕೈಗೆ ನಾನು ಏನು ಏರಿಸುತ್ತಿದ್ದೆ? ನಾನು ತೆಗೆದುಕೊಂಡದ್ದನ್ನು ಹಿಂದಕ್ಕೆ ಕೊಡಲು ಅವನು ಉಸಿರಾಡುತ್ತ ಇರಬೇಕಿತ್ತು. ರದ್ದಾಗಲಿ.

ನಾಲ್ಕು ನಾಲ್ಕು ಬಳೆ ಇಟ್ಟು ಮುಗಿಸಿ ಎದ್ದೆ. ಯಾರ ಮುಖವನ್ನೂ ನೋಡಲಿಲ್ಲ.

ಮರುದಿನ ಬೆಳಗಾಗುವಾಗ ಗೋಡೆಯಾಚೆ ರೊಟ್ಟಿ ಬಡಿಯುವ ಸದ್ದು ಬಂತು. ತಪ್ ಜೊತೆಗೆ ಝಣ್. ನಾನು ಪರಾತ ಎಳೆದುಕೊಂಡು ಹಿಟ್ಟು ನಾದಿದೆ. ಹೊಟ್ಟೆ ಉರಿಯುತ್ತಿತ್ತು. ಆಕೆ ಬಡಿದ ಹಾಗೆಲ್ಲ ನಾನೂ ಬಡಿದೆ, ತಾಳ ತಪ್ಪದಂತೆ. ಸ್ವಲ್ಪ ಹೊತ್ತಿಗೆ ಯಾವ ತಪ್ ಆಕೆಯದು, ಯಾವುದು ನನ್ನದು ತಿಳಿಯದಾಯಿತು. ಝಣ್ ಮಾತ್ರ ಆಕೆಯದೇ.